ಕೊಡ ಹೊತ್ತವಳನ್ನು ಕೇಳಿದವರಾರು?

ಬೆಳಿಗ್ಗೆ ಎದ್ದು ಕೊಡ ತುಂಬಿಸುವಾಗ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ? ಕಣ್ಣಿಗೆ ತಿಳಿಯಾಗಿ ಕಾಣಬೇಕು. ಮೂಗಿಗೆ ವಾಸನೆ ಬರಬಾರದು. ನಾಲಗೆಗೆ ಉಪ್ಪು, ಒಗರು ತಾಗಬಾರದು. ಬೇಳೆ ಬೇಗ ಬೆಂದು, ಚಹಾದ ಬಣ್ಣ ಕೆಡದಿದ್ದರೆ ಮನಸ್ಸಿಗೆ ಇನ್ನಷ್ಟು ಸಮಾಧಾನ. ನಮ್ಮ ತಾಯಂದಿರು, ಅಜ್ಜಿಯಂದಿರು ಕಲಿಸಿಕೊಟ್ಟ ಪರೀಕ್ಷೆಗಳಿವು. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಈ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗಿ ಒಳಗೆ ಬರುವ ಒಂದು ವಿಷವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅದರ ಹೆಸರು ಆರ್ಸೆನಿಕ್. ಹಿಂದಿನವರು ಪಾಷಾಣ ಎಂದು ಹೆದರುತ್ತಿದ್ದುದು ಇದೇ ವಸ್ತುವಿನಿಂದಾದ ವಿಷಕ್ಕೆ.

ಈ ವಿಷ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ಕೋಟ್ಯಂತರ ಜನರ ಅಡುಗೆಮನೆಯನ್ನು ಹೊಕ್ಕಿತು. ಅದು ಎಲ್ಲಿಂದ ಬಂತು, ಯಾರ ದೇಹಕ್ಕೆ ಏನು ಮಾಡಿತು, ಅದರಿಂದ ಪಾರಾಗಲು ಜನ ಏನು ಮಾಡಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಮಣ್ಣು ಓದಿದವರು, ವೈದ್ಯಕೀಯ ಓದಿದವರು, ಅರ್ಥಶಾಸ್ತ್ರ ಓದಿದವರು, ಸಮಾಜ ಓದಿದವರು ಎಲ್ಲರೂ ಬೇಕಾದರು. ಅವರಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಯುವಕ ಯುವತಿಯರೂ ಇದ್ದರು. ಪರಿಸರದ ಪ್ರಶ್ನೆಯನ್ನು ಒಂದೇ ವಿದ್ಯೆಯ ಕಿಟಕಿಯಿಂದ ನೋಡಿದರೆ ಏನಾಗುತ್ತದೆ, ಹಲವು ವಿದ್ಯೆಗಳು ಒಂದೇ ಅಂಗಳದಲ್ಲಿ ಕುಳಿತರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಈ ಕಥೆಗಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು. ಇದು ನಿಮ್ಮ ಕೊಡದ ಕಥೆ. ಆದ್ದರಿಂದ ಇದು ದೊಡ್ಡವರ ವಿಷಯವೆಂದು ಪುಟ ತಿರುಗಿಸಬೇಡಿ.

ಒಳ್ಳೆಯ ಉದ್ದೇಶದಿಂದ ತೋಡಿದ ಬಾವಿಗಳು

ಬಾಂಗ್ಲಾದೇಶ ನದಿಗಳ ನಾಡು. ಅಲ್ಲಿನ ಹಳ್ಳಿಗರು ಹಿಂದೆ ಕೊಳದ, ನದಿಯ ನೀರನ್ನು ಕುಡಿಯುತ್ತಿದ್ದರು. ಆ ನೀರಿನಿಂದ ವಾಂತಿಭೇದಿ, ಕಾಲರಾ ಹರಡಿ ಎಳೆಯ ಮಕ್ಕಳು ಸಾಯುತ್ತಿದ್ದರು. ಇದನ್ನು ತಡೆಯಲು 1970ರ ದಶಕದಲ್ಲಿ ಅಲ್ಲಿನ ಸರಕಾರದ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಇಲಾಖೆಯು ಯುನಿಸೆಫ್‌ನ ನೆರವಿನಿಂದ ಕೈಪಂಪಿನ ಕೊಳವೆ ಬಾವಿಗಳನ್ನು ಹಾಕಿಸತೊಡಗಿತು. ನೆಲದಡಿಯ ನೀರಿನಲ್ಲಿ ರೋಗಾಣುಗಳಿರುವುದಿಲ್ಲ, ಅದು ಶುದ್ಧ ಎಂಬ ನಂಬಿಕೆ ಎಲ್ಲರಲ್ಲೂ ಇತ್ತು.

ಹೆಂಗಸರು ಇದನ್ನು ಸಂತೋಷದಿಂದಲೇ ಸ್ವಾಗತಿಸಿದರು. ದೂರದ ಕೊಳಕ್ಕೆ ಹೋಗುವುದು ತಪ್ಪಿತು. ಅಂಗಳದಲ್ಲೇ ಪಂಪು ಒತ್ತಿದರೆ ನೀರು. ಕೆಲವು ವರ್ಷಗಳಲ್ಲಿ ಜನರೇ ತಮ್ಮ ಹಣ ಹಾಕಿ ಬಾವಿ ಕೊರೆಸಿಕೊಳ್ಳತೊಡಗಿದರು. ಮಗಳ ಮದುವೆಗೆ ಗಂಡಿನ ಮನೆ ನೋಡುವಾಗ ಅಂಗಳದಲ್ಲಿ ಪಂಪು ಇರುವುದೂ ಒಂದು ಅನುಕೂಲವೆನಿಸಿತು. ಗ್ರಾಮೀಣ ಬಾಂಗ್ಲಾದೇಶದ ಬಹುಪಾಲು ಜನ ಕೊಳವೆ ಬಾವಿಯ ನೀರಿಗೆ ಬದಲಾದರು. ವಾಂತಿಭೇದಿಯಿಂದ ಮಕ್ಕಳನ್ನು ಉಳಿಸಬೇಕೆಂಬ ಉದ್ದೇಶ ನೂರಕ್ಕೆ ನೂರು ಒಳ್ಳೆಯದೇ ಆಗಿತ್ತು. ಆದರೆ ನೀರಿನಲ್ಲಿ ರೋಗಾಣು ಇದೆಯೇ ಎಂದು ಕೇಳಿದವರು, ಬೇರೆ ಏನಾದರೂ ಇದೆಯೇ ಎಂದು ಕೇಳಲಿಲ್ಲ.

ಚರ್ಮದ ಮೇಲೆ ಕಂಡ ಮೊದಲ ಸುಳಿವು

ಸುಳಿವು ಮೊದಲು ಸಿಕ್ಕಿದ್ದು ಭೂವಿಜ್ಞಾನಿಗಳಿಗಲ್ಲ, ಚರ್ಮರೋಗದ ವೈದ್ಯರೊಬ್ಬರಿಗೆ. 1983ರಲ್ಲಿ ಕೋಲ್ಕತ್ತಾದ ಡಾ. ಕೆ.ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗರ ಮೈಮೇಲೆ ಮಳೆಹನಿ ಬಿದ್ದಂತಹ ಕಪ್ಪು ಚುಕ್ಕೆಗಳನ್ನೂ, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳನ್ನೂ ಕಂಡು ಇದು ಆರ್ಸೆನಿಕ್ ವಿಷವೆಂದು ಗುರುತಿಸಿದರು. 1987ರ ಹೊತ್ತಿಗೆ ಗಡಿಯಾಚೆಯ ಬಾಂಗ್ಲಾದೇಶದಿಂದ ಬಂದ ರೋಗಿಗಳಲ್ಲೂ ಅವರು ಇದನ್ನೇ ಕಂಡರು. ಜಾಧವ್‌ಪುರ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ದೀಪಂಕರ್ ಚಕ್ರವರ್ತಿಯವರು ಊರೂರು ಸುತ್ತಿ ಬಾವಿ ನೀರನ್ನು ಪರೀಕ್ಷಿಸಿ ಎಚ್ಚರಿಸುತ್ತಾ ಹೋದರು. ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಆರ್ಸೆನಿಕ್ ಪತ್ತೆಯಾದದ್ದು 1993ರಲ್ಲಿ, ಚಾಪಾಯಿ ನವಾಬ್‌ಗಂಜ್ ಜಿಲ್ಲೆಯಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1992ರಲ್ಲಿ, ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಬಾಂಗ್ಲಾದೇಶದ ಅಂತರ್ಜಲವನ್ನು ಪರೀಕ್ಷಿಸಿತ್ತು. ಅದು ಹುಡುಕಿದ ವಸ್ತುಗಳ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಮುಂದೆ ಗ್ರಾಮಸ್ಥರೊಬ್ಬರು ಇದನ್ನು ಪ್ರಶ್ನಿಸಿ ಲಂಡನ್ನಿನಲ್ಲಿ ದಾವೆ ಹೂಡಿದರು. 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ದಾವೆಯನ್ನು ತಳ್ಳಿಹಾಕಿತು. ಆ ಸಂಸ್ಥೆಗೆ ಆ ಗ್ರಾಮಸ್ಥರ ಕುರಿತು ಅಂತಹ ಕಾನೂನುಬದ್ಧ ಹೊಣೆ ಇರಲಿಲ್ಲವೆಂಬುದು ತೀರ್ಪು. ಕಾನೂನಿನ ಮಾತು ಹಾಗಿರಲಿ, ಒಂದು ಸಂಗತಿ ಮಾತ್ರ ಸ್ಪಷ್ಟ: ಚರ್ಮದ ವೈದ್ಯರಿಗೆ 1980ರ ದಶಕದಲ್ಲೇ ಗೊತ್ತಿದ್ದುದು ನೆಲ ಓದಿದವರ ಪಟ್ಟಿಯನ್ನು 1992ರಲ್ಲೂ ತಲುಪಿರಲಿಲ್ಲ. ಎರಡು ವಿದ್ಯೆಗಳ ನಡುವಿನ ಈ ಮೌನಕ್ಕೆ ಬೆಲೆ ತೆತ್ತವರು ಹಳ್ಳಿಗರು.

1998ರಿಂದ ನಡೆದು 2001ರಲ್ಲಿ ವರದಿಯಾದ ಸಮೀಕ್ಷೆಯಲ್ಲಿ ದೇಶದ 61 ಜಿಲ್ಲೆಗಳ 3,534 ಬಾವಿಗಳನ್ನು ಪರೀಕ್ಷಿಸಲಾಯಿತು. ಕಡಿಮೆ ಆಳದ ಬಾವಿಗಳಲ್ಲಿ ಶೇ. 27ರಷ್ಟು ಬಾಂಗ್ಲಾದೇಶದ ಮಿತಿಯನ್ನು, ಅಂದರೆ ಲೀಟರಿಗೆ 50 ಮೈಕ್ರೋಗ್ರಾಮ್ ಅನ್ನು ಮೀರಿದ್ದವು. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇನ್ನೂ ಬಿಗಿ, ಲೀಟರಿಗೆ ಬರೇ 10. ಅಷ್ಟು ಅಲ್ಪ ಪ್ರಮಾಣವೂ ವರ್ಷಗಟ್ಟಲೆ ದೇಹಕ್ಕೆ ಹೋದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಮತ್ತು ಹೃದಯದ ಕಾಯಿಲೆಗೆ ದಾರಿಯಾಗಬಹುದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು 3.5 ಕೋಟಿಯಿಂದ 7.7 ಕೋಟಿ ಜನ ಅಪಾಯದಲ್ಲಿದ್ದಾರೆಂದು ಲೆಕ್ಕ ಹಾಕಿ, ಇದನ್ನು ಇತಿಹಾಸದ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆಯಿತು.

ಒಂದೇ ಅಂಗಳಕ್ಕೆ ಬಂದ ಹಲವು ವಿದ್ಯೆಗಳು

ಢಾಕಾದ ಪೂರ್ವಕ್ಕೆ ಅರಾಯ್‌ಹಜಾರ್ ಎಂಬ ಉಪಜಿಲ್ಲೆಯಿದೆ. 2000ದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ಢಾಕಾ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಮತ್ತು ಇತರರು ಸೇರಿ ಅಲ್ಲಿ ಒಂದು ದೀರ್ಘ ಅಧ್ಯಯನ ಆರಂಭಿಸಿದರು. ಅದರಲ್ಲಿ ನೆಲದ ರಸಾಯನ ಓದಿದವರಿದ್ದರು, ವೈದ್ಯರಿದ್ದರು, ಮಕ್ಕಳ ಬುದ್ಧಿಯ ಬೆಳವಣಿಗೆ ಅಭ್ಯಸಿಸುವವರಿದ್ದರು, ಅರ್ಥಶಾಸ್ತ್ರಜ್ಞರಿದ್ದರು. ಅವರೊಂದಿಗೆ ಸಂಶೋಧನಾ ವಿದ್ಯಾರ್ಥಿಗಳು ದುಡಿದರು.

ಮೊದಲ ನಾಲ್ಕು ತಿಂಗಳಲ್ಲಿ ಅವರು 55,000 ಜನ ಬಳಸುತ್ತಿದ್ದ 4,997 ಬಾವಿಗಳನ್ನು ಒಂದನ್ನೂ ಬಿಡದೆ ಸಾಲಾಗಿ ಪರೀಕ್ಷಿಸಿದರು. ಮುಂದೆ ಒಬ್ಬ ವ್ಯಕ್ತಿಯ ಆರೋಗ್ಯ ನೋಡುವಾಗ ಅವನು ಯಾವ ಬಾವಿಯ ನೀರು ಕುಡಿದವನೆಂದೂ, ಆ ನೀರಿನಲ್ಲಿ ಎಷ್ಟು ಆರ್ಸೆನಿಕ್ ಇತ್ತೆಂದೂ ಹೇಳಬಹುದಾಗಿತ್ತು. ಬೇರೆ ಬೇರೆ ವಿದ್ಯೆಗಳನ್ನು ಒಂದು ದಾರದಲ್ಲಿ ಪೋಣಿಸಿದ್ದು ಇದೇ: ಈ ಬಾವಿ, ಈ ಮನೆ, ಈ ಮನುಷ್ಯ ಎಂಬ ಲೆಕ್ಕ.

ಫಲಿತಾಂಶ ವಿಚಿತ್ರವಾಗಿತ್ತು. ಅರ್ಧಕ್ಕಿಂತ ತುಸು ಕಡಿಮೆ, ಶೇ. 48ರಷ್ಟು ಬಾವಿಗಳು ಮಾತ್ರ ದೇಶದ ಮಿತಿಯೊಳಗಿದ್ದವು. ಒಂದು ಬಾವಿಯಲ್ಲಿ 5 ಮೈಕ್ರೋಗ್ರಾಮ್ ಇದ್ದರೆ ಇನ್ನೊಂದರಲ್ಲಿ 860. ಅಕ್ಕಪಕ್ಕದ ಮನೆಗಳ ಬಾವಿಗಳಲ್ಲೂ ಅಜಗಜಾಂತರ. ಆದರೆ ಈ ವಿಚಿತ್ರದಲ್ಲೇ ಒಂದು ಆಶಾಕಿರಣವೂ ಇತ್ತು. ಸುಮಾರು ಶೇ. 90ರಷ್ಟು ಜನರ ಮನೆಯಿಂದ ನೂರು ಮೀಟರಿನೊಳಗೆ ಒಂದಾದರೂ ಒಳ್ಳೆಯ ಬಾವಿಯಿತ್ತು. ನಿಮ್ಮ ಬಾವಿ ಕೆಟ್ಟದಾದರೆ ನೆರೆಮನೆಯ ಬಾವಿಗೆ ಹೋಗಿ ಎಂಬ ಸರಳ ಪರಿಹಾರ ಹೊಳೆಯಿತು. 2000ದಿಂದ 2003ರವರೆಗೆ ಸರಕಾರವೂ ದೇಶದಾದ್ಯಂತ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ ಒಳ್ಳೆಯ ಬಾವಿಯ ಪಂಪಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿಸಿತು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು.

ವೈದ್ಯರ ಕಡೆಯಿಂದ ಬಂದ ಸುದ್ದಿ ಇನ್ನೂ ಗಂಭೀರ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತು ವರ್ಷದ 201 ಮಕ್ಕಳನ್ನು ಪರೀಕ್ಷಿಸಿದಾಗ, ಆರ್ಸೆನಿಕ್ ಹೆಚ್ಚಿದ್ದ ನೀರು ಕುಡಿದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹಿಂದುಳಿದದ್ದು ಕಂಡುಬಂತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ 11,746 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದು. ಅವರಲ್ಲಿ ಸಂಭವಿಸಿದ ಒಟ್ಟು ಸಾವುಗಳಲ್ಲಿ ಸುಮಾರು ಐದನೇ ಒಂದು ಪಾಲಿಗೆ ಲೀಟರಿಗೆ 10 ಮೈಕ್ರೋಗ್ರಾಮ್‌ಗಿಂತ ಹೆಚ್ಚು ಆರ್ಸೆನಿಕ್ ಇರುವ ನೀರು ಕಾರಣವೆಂದು ಅದು ಅಂದಾಜಿಸಿತು. ಚರ್ಮದಲ್ಲಿ ಚುಕ್ಕೆ ಕಾಣದವರೂ ಸುರಕ್ಷಿತರಲ್ಲ ಎಂದು ಎಲ್ಲರಿಗೂ ಅರ್ಥವಾಯಿತು.

ಕೊಳದ ಗುಟ್ಟು ಹುಡುಕಿದ ವಿದ್ಯಾರ್ಥಿನಿ

ಅಷ್ಟಕ್ಕೂ ಈ ವಿಷ ನೀರಿಗೆ ಸೇರಿದ್ದು ಹೇಗೆ? ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಹಿಮಾಲಯದಿಂದ ನದಿಗಳು ಸಾವಿರಾರು ವರ್ಷ ಹೊತ್ತು ತಂದ ಮರಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನಂತಹ ಪದರವಿದೆ. ಆರ್ಸೆನಿಕ್ ಅದಕ್ಕೆ ಅಂಟಿಕೊಂಡಿದೆ. ನೆಲದಾಳದಲ್ಲಿ ಆಮ್ಲಜನಕವಿಲ್ಲದ ಕಡೆ ಸೂಕ್ಷ್ಮಜೀವಿಗಳು ಕೊಳೆತ ಎಲೆ, ಸಸ್ಯಗಳ ಅಂಶವನ್ನು ತಿಂದು ಬದುಕುವಾಗ ಆ ತುಕ್ಕು ಕರಗಿ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಇಷ್ಟನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ಆದರೆ ಸೂಕ್ಷ್ಮಜೀವಿಗಳಿಗೆ ಆ ಆಹಾರ ಎಲ್ಲಿಂದ ಬರುತ್ತದೆ?

ಅಮೆರಿಕದ ಎಂಐಟಿ ಸಂಸ್ಥೆಯ ಚಾರ್ಲ್ಸ್ ಹಾರ್ವೆ ಅವರ ತಂಡವು ಢಾಕಾದ ಇಂಜಿನಿಯರಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಂದಿಗೆ ಮುನ್ಶಿಗಂಜ್ ಜಿಲ್ಲೆಯಲ್ಲಿ ಇದನ್ನು ಹುಡುಕಿತು. ರೆಬೆಕ್ಕಾ ನ್ಯೂಮನ್ ಎಂಬ ವಿದ್ಯಾರ್ಥಿನಿಯ ಡಾಕ್ಟರೇಟ್ ಅಧ್ಯಯನ ಇದೇ ಆಗಿತ್ತು. ನೀರು ಭತ್ತದ ಗದ್ದೆಯಿಂದ ಎಷ್ಟು ಇಂಗುತ್ತದೆ, ಮನೆ ಬಳಿಯ ಕೊಳದಿಂದ ಎಷ್ಟು ಇಂಗುತ್ತದೆ, ಅದು ನೆಲದೊಳಗೆ ಯಾವ ದಾರಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ ಅವರ ತಂಡ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಕೊಳಗಳಿಂದ ಇಂಗುವ ನೀರು ಸೂಕ್ಷ್ಮಜೀವಿಗಳ ಆಹಾರವನ್ನು ಹೊತ್ತೊಯ್ಯುತ್ತದೆ, ಗದ್ದೆಯ ನೀರು ಹಾಗೆ ಮಾಡುವುದಿಲ್ಲ ಎಂದು ಅದು ವಾದಿಸಿತು. ಈ ವಾದವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ.

ಆ ಕೊಳಗಳು ಎಲ್ಲಿಂದ ಬಂದವು ಗೊತ್ತೇ? ಪ್ರವಾಹದಿಂದ ಮನೆ ಉಳಿಸಿಕೊಳ್ಳಲು ಜನ ಮಣ್ಣು ಅಗೆದು ಮನೆಯ ನೆಲಗಟ್ಟನ್ನು ಎತ್ತರಿಸುತ್ತಾರೆ. ಮಣ್ಣು ತೆಗೆದ ಜಾಗ ಕೊಳವಾಗುತ್ತದೆ. ಹೀಗೆ ನೆಲದಾಳದ ರಸಾಯನದ ಪ್ರಶ್ನೆಗೆ ಉತ್ತರ ಹುಡುಕಹೊರಟವರು ಮನುಷ್ಯ ಮನೆ ಕಟ್ಟುವ ರೀತಿಯವರೆಗೆ ಬಂದು ಮುಟ್ಟಿದರು. ನೀರಿನ ವಿದ್ಯೆಯೂ ಸಮಾಜದ ವಿದ್ಯೆಯೂ ಬೇರೆ ಬೇರೆ ಕೋಣೆಗಳಲ್ಲಿ ಇರಲಾರವು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಹದಿನೈದು ಪಟ್ಟು ಸಮಯ ಯಾರದು?

ಈಗ ಸ್ವಲ್ಪ ಗಮನವಿಟ್ಟು ಓದಿ, ಸಹೋದರಿಯರೇ. ಬಾವಿಗೆ ಕೆಂಪು ಬಣ್ಣ ಬಳಿದರೆ ಜನ ನಿಜವಾಗಿಯೂ ಬೇರೆ ಬಾವಿಗೆ ಹೋಗುತ್ತಾರೆಯೇ? ಅರಾಯ್‌ಹಜಾರ್‌ನಲ್ಲಿ ಅರ್ಥಶಾಸ್ತ್ರಜ್ಞರು, ಭೂರಸಾಯನ ವಿಜ್ಞಾನಿಗಳು ಮತ್ತು ವೈದ್ಯರು ಸೇರಿ ಇದನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ನಿಮ್ಮ ಬಾವಿಯ ನೀರು ಅಪಾಯಕಾರಿ ಎಂದು ಮನೆಬಾಗಿಲಿಗೆ ಹೋಗಿ ತಿಳಿಸಿದ ಒಂದೇ ಕಾರಣದಿಂದ ಒಂದು ವರ್ಷದೊಳಗೆ ಪ್ರತಿ ನೂರು ಮನೆಗಳಲ್ಲಿ ಸುಮಾರು 37 ಹೆಚ್ಚುವರಿ ಮನೆಗಳು ಬಾವಿ ಬದಲಿಸಿದ್ದವು. ಬರೇ ಮಾಹಿತಿಗೆ ಇಷ್ಟು ಬಲವಿದೆಯೆಂಬುದು ಸಂತೋಷದ ಸುದ್ದಿ. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲೂ ಇತ್ತು. ಬಾವಿ ಬದಲಿಸಿದ ಮನೆಗಳಲ್ಲಿ ನೀರು ತರಲು ಬೇಕಾದ ಸಮಯ ಹದಿನೈದು ಪಟ್ಟು ಹೆಚ್ಚಾಗಿತ್ತು.

ಹದಿನೈದು ಪಟ್ಟು! ಆ ಸಮಯ ಯಾರದು? ಗ್ರಾಮೀಣ ಬಾಂಗ್ಲಾದೇಶದಲ್ಲಿ ನೀರು ತರುವವರು ಹೆಂಗಸರು ಮತ್ತು ಹೆಣ್ಣುಮಕ್ಕಳು. ಕಾಗದದ ಮೇಲೆ ಒಂದು ಅಂಕಿಯಾಗಿರುವುದು ಅವಳ ಸೊಂಟದ ಮೇಲೆ ಭಾರವಾದ ಕೊಡವಾಗಿರುತ್ತದೆ.

ಈ ಕೊಡದ ಕಡೆಯಿಂದ ಪ್ರಶ್ನೆ ಕೇಳಿದವರಲ್ಲಿ ಪ್ರಮುಖರು ಬಾಂಗ್ಲಾದೇಶದವರೇ ಆದ ಫರ್ಹಾನಾ ಸುಲ್ತಾನಾ. ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದವರು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಡಿ ತಮ್ಮ ದೇಶದಲ್ಲಿ ಕೆಲಸ ಮಾಡಿದವರು. ಬಂಡೆ, ಮಣ್ಣುಗಳ ವಿದ್ಯೆ ಕೈಯಲ್ಲಿದ್ದರೂ ಅದಷ್ಟೇ ಸಾಲದೆಂದು ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಷಯದಲ್ಲಿ ಪಿಎಚ್.ಡಿ. ಮಾಡಿ, ಆರ್ಸೆನಿಕ್ ಪೀಡಿತ ಹಳ್ಳಿಗಳ ಹೆಂಗಸರ ಮಾತು ಕೇಳಿದರು. ಅವರು ಕೊಲಂಬಿಯಾದ ತಂಡದವರಲ್ಲ. ಆದರೆ ಆ ತಂಡದ ಅಂಕಿಗಳು ಬಿಟ್ಟ ಜಾಗವನ್ನು ಅವರ ಬರಹಗಳು ತುಂಬುತ್ತವೆ.

ಅವರು ಕಂಡದ್ದೇನು? ನೂರು ಮೀಟರ್ ಎಂಬುದು ನಕ್ಷೆಯಲ್ಲಿ ಒಂದೇ, ಬದುಕಿನಲ್ಲಿ ಬೇರೆ ಬೇರೆ. ಹಸಿರು ಬಾವಿ ಇರುವುದು ಇನ್ನೊಬ್ಬರ ಅಂಗಳದಲ್ಲಿ. ಆ ಮನೆಯವರು ಮುಖ ಸಿಂಡರಿಸಿದರೆ? ಪದೇ ಪದೇ ಬರುತ್ತೀಯಲ್ಲ ಎಂದು ಗೊಣಗಿದರೆ? ಹಿಂದೆ ಜಗಳವಾಡಿದ ಮನೆಯಾದರೆ? ನೀರಿನ ಋಣ ತೀರಿಸಲು ಅವರ ಮನೆಯ ಚಾಕರಿ ಮಾಡಬೇಕಾಗಿ ಬಂದರೆ? ಕೆಲವು ಬಾವಿಗಳು ರಸ್ತೆಬದಿಯಲ್ಲಿ, ಪೇಟೆಯಲ್ಲಿ, ಮಸೀದಿಯ ಬಳಿ ಇದ್ದವು. ಗಂಡಸರು ಸೇರುವ ಅಂತಹ ಜಾಗಕ್ಕೆ ದಿನಕ್ಕೆ ನಾಲ್ಕಾರು ಬಾರಿ ಕೊಡ ಹಿಡಿದು ಹೋಗಲು ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ, ಬೆಳೆದ ಹುಡುಗಿಗೆ ಸಂಕೋಚ. ಮನೆಯವರೂ ಒಪ್ಪುತ್ತಿರಲಿಲ್ಲ. ಹಾಗಾಗಿ ನೀರು ವಿಷವೆಂದು ತಿಳಿದೂ ಕೆಲವರು ಕೆಂಪು ಪಂಪನ್ನೇ ಒತ್ತಿದರು. ಇದನ್ನು ಅಜ್ಞಾನ ಎನ್ನೋಣವೇ? ಬಾವಿ ಎಲ್ಲಿ ಇರಬೇಕೆಂದು ತೀರ್ಮಾನಿಸಿದವರು ಗಂಡಸರು. ಅಲ್ಲಿಗೆ ಹೋಗಬೇಕಾದವಳನ್ನು ಯಾರೂ ಕೇಳಿರಲಿಲ್ಲ.

ಇದರ ಮೇಲೆ ಇನ್ನೊಂದು ನೋವು. ಚುಕ್ಕೆ ಬಿದ್ದ ಚರ್ಮವನ್ನು ಅಂಟುರೋಗವೆಂದೋ ಶಾಪವೆಂದೋ ತಿಳಿದು ಹೆಣ್ಣುಮಕ್ಕಳ ಮದುವೆ ನಿಂತುಹೋಯಿತು, ಕೆಲವರು ತವರಿಗೆ ಮರಳಬೇಕಾಯಿತು. ಆರ್ಸೆನಿಕ್ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ರಸಾಯನದ ಪ್ರಯೋಗಾಲಯ ಹೇಳಬಲ್ಲುದು. ಆದರೆ ಆ ಮಾತನ್ನು ಅತ್ತೆಯ ಕಿವಿಗೆ ಮುಟ್ಟಿಸುವ ವಿದ್ಯೆಯೇ ಬೇರೆ.

ನಕ್ಷೆ ಹೇಳಿದ ರಾಜಕೀಯ

ನೆಲದಲ್ಲಿ 150 ಮೀಟರಿಗಿಂತ ಆಳಕ್ಕೆ ಕೊರೆದರೆ ಬಾಂಗ್ಲಾದೇಶದ ಬಹುತೇಕ ಕಡೆ ಒಳ್ಳೆಯ ನೀರು ಸಿಗುತ್ತದೆ. ಅಂತಹ ಬಾವಿ ಬಡವರ ಕೈಗೆ ಎಟುಕದು. ಆದ್ದರಿಂದ ಸರಕಾರ ಸಾರ್ವಜನಿಕ ಬಾವಿಗಳನ್ನು ಹಾಕಿಸಿತು. ಅವು ಯಾರಿಗೆ ಸಿಕ್ಕಿದವು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ರಾಜಕೀಯದ ಪಂಡಿತರಲ್ಲ, ಅದೇ ಭೂರಸಾಯನ ವಿಜ್ಞಾನಿಗಳು. ಅರಾಯ್‌ಹಜಾರ್‌ನ 180 ಚದರ ಕಿಲೋಮೀಟರಿನಲ್ಲಿ 2012-13ರಲ್ಲಿ 48,790 ಬಾವಿಗಳನ್ನು ಪರೀಕ್ಷಿಸಿ, ಅಲ್ಲಿದ್ದ 915 ಆಳದ ಬಾವಿಗಳನ್ನು ನಕ್ಷೆಯಲ್ಲಿ ಗುರುತಿಸಿದರು. ವಿಷದ ಬಾವಿಗಳಲ್ಲಿ ಶೇ. 29ರ ಸಮೀಪ ಮಾತ್ರ, ಅಂದರೆ ನೂರು ಮೀಟರಿನೊಳಗೆ, ಒಂದು ಆಳದ ಬಾವಿಯಿತ್ತು. ಅಷ್ಟೇ ಬಾವಿಗಳನ್ನು ಸಮನಾಗಿ ಹಂಚಿದ್ದರೆ ಶೇ. 74ರ ಸಮೀಪ ಇರಬಹುದಿತ್ತು. ಹಣ ಹೆಚ್ಚು ಬೇಕಿರಲಿಲ್ಲ, ಬಾವಿಗಳೂ ಹೆಚ್ಚು ಬೇಕಿರಲಿಲ್ಲ. ಊರಿನ ಬಲಾಢ್ಯರು ತಮ್ಮ ಅಂಗಳದತ್ತ ಬಾವಿ ಎಳೆದುಕೊಂಡದ್ದೇ ಇದಕ್ಕೆ ಕಾರಣವೆಂದು 2016ರಲ್ಲಿ ಅವರು ಬರೆದರು. ಅದೇ ವರ್ಷ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಯು ಸುಮಾರು 2 ಕೋಟಿ ಜನ ಇನ್ನೂ ಮಿತಿ ಮೀರಿದ ಆರ್ಸೆನಿಕ್ ನೀರನ್ನೇ ಕುಡಿಯುತ್ತಿದ್ದಾರೆಂದೂ, ಹೊಸ ಸರಕಾರಿ ಬಾವಿಗಳಲ್ಲಿ ಅರ್ಧದಷ್ಟರ ಜಾಗದ ಆಯ್ಕೆ ಸಂಸತ್ ಸದಸ್ಯರ ಮಾತಿನಂತೆ ನಡೆಯುತ್ತಿತ್ತೆಂದೂ ಹೇಳಿತು. ಆರ್ಸೆನಿಕ್‌ನಿಂದ ವರ್ಷಕ್ಕೆ ಸುಮಾರು 43,000 ಸಾವುಗಳು ಸಂಭವಿಸುತ್ತಿರಬಹುದೆಂದು 2012ರ ಒಂದು ಅಧ್ಯಯನ ಅಂದಾಜಿಸಿತ್ತು.

ಪರಿಸರ ರಾಜಕೀಯ ಎಂಬ ದೊಡ್ಡ ಪದಕ್ಕೆ ಅರ್ಥ ಇಷ್ಟೇ. ನೀರು ಎಲ್ಲಿದೆ ಎಂಬುದು ಪ್ರಕೃತಿಯ ಪ್ರಶ್ನೆ. ಪಂಪು ಯಾರ ಅಂಗಳದಲ್ಲಿದೆ ಎಂಬುದು ಅಧಿಕಾರದ ಪ್ರಶ್ನೆ.

ಒಟ್ಟಿಗೆ ಓದುವುದರ ಕಷ್ಟ

ಪಿಎಚ್.ಡಿ. ಎಂದರೆ ಹಿಂದಿನಿಂದಲೂ ಒಂಟಿ ಕೆಲಸ. ಒಂದು ವಿಷಯ, ಒಬ್ಬರು ಮಾರ್ಗದರ್ಶಕರು, ಒಂದು ಮಹಾಪ್ರಬಂಧ. ಬೇರೆ ಬೇರೆ ವಿಭಾಗದವರು ಕೂಡಿ ದುಡಿಯಹೊರಟರೆ ಮೊದಲ ತೊಡಕು ಮಾತಿನದ್ದು. "ಅಪಾಯ" ಎಂದಾಗ ರಸಾಯನ ಓದಿದವನ ಮನಸ್ಸಿಗೆ ಬರುವುದು ಲೀಟರಿಗೆ 50 ಎಂಬ ಅಂಕಿ. ವೈದ್ಯನಿಗೆ ಅದು ಮುಂದೆ ಬರಬಹುದಾದ ಕಾಯಿಲೆ. ಅರ್ಥಶಾಸ್ತ್ರ ಓದಿದವಳಿಗೆ ಜನ ತೂಗಿ ನೋಡುವ ಲಾಭ ನಷ್ಟ. ಸಮಾಜ ಓದಿದವಳಿಗೆ ಆ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಪ್ರಶ್ನೆ. ನಾಲ್ವರೂ ಸರಿ. ಆದರೆ ನಾಲ್ವರೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವವರೆಗೆ ಕುಳಿತು ಕೇಳುವ ತಾಳ್ಮೆ ಬೇಕು. ಎರಡನೇ ತೊಡಕು ಹೊಟ್ಟೆಪಾಡಿನದ್ದು. ಕೆಲಸ ಕೊಡುವ ವಿಭಾಗ ನೀನು ನಮ್ಮವನೋ ಅವರವನೋ ಎಂದು ಕೇಳುತ್ತದೆ.

ಈ ಗೋಡೆ ಒಡೆಯುವ ಪ್ರಯತ್ನಗಳೂ ನಡೆದಿವೆ. ಕೊಲಂಬಿಯಾ ವಿಶ್ವವಿದ್ಯಾಲಯ 2004ರಲ್ಲಿ ಸುಸ್ಥಿರ ಅಭಿವೃದ್ಧಿಯ ಪಿಎಚ್.ಡಿ. ಆರಂಭಿಸಿತು. ಅಲ್ಲಿ ಅರ್ಥಶಾಸ್ತ್ರವನ್ನೂ ನಿಸರ್ಗ ವಿಜ್ಞಾನವನ್ನೂ ಒಟ್ಟಿಗೆ ಕಲಿಯಬೇಕು. ನಮ್ಮ ಬೆಂಗಳೂರಿನಲ್ಲೂ 1996ರಲ್ಲಿ ಸ್ಥಾಪನೆಯಾದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯು ನಿಸರ್ಗ ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳನ್ನು ಬೆಸೆದ ಪಿಎಚ್.ಡಿ. ಶಿಕ್ಷಣ ನೀಡುತ್ತಿದೆ.

ನಮ್ಮ ಕರ್ನಾಟಕದ ನೀರು

ಇದೆಲ್ಲ ದೂರದ ಕಥೆಯೆಂದು ಭಾವಿಸಬೇಡಿ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರಲ್ಲೂ ಆರ್ಸೆನಿಕ್‌ನ ಚರ್ಮದ ಗುರುತುಗಳು ಕಂಡಿವೆ. ಅದನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ತಂಡದ ಮುಂದಾಳು, ಬಂಗಾಳದಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದ್ದ ಅದೇ ದೀಪಂಕರ್ ಚಕ್ರವರ್ತಿ. ಅವರು 2018ರಲ್ಲಿ ತೀರಿಕೊಂಡರು. ಇಲ್ಲಿ ವಿಷ ಬಂದದ್ದು ನದಿಯ ಮರಳಿನಿಂದಲ್ಲ, ಹಿಂದೆ ಚಿನ್ನ ತೆಗೆಯುತ್ತಿದ್ದ ಪ್ರದೇಶದ ಶಿಲೆಗಳಿಂದ. ಭೂವಿಜ್ಞಾನಿಗಳು ಆ ಶಿಲಾಪಟ್ಟಿಯನ್ನು ಮಂಗಳೂರು ಪಟ್ಟಿ ಎಂದೇ ಕರೆಯುತ್ತಾರೆ. ಅದು ಕರಾವಳಿಯ ಮಂಗಳೂರಲ್ಲ, ಈಶಾನ್ಯ ಕರ್ನಾಟಕದ ಮಂಗಳೂರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆ ಬಾವಿಯ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದು ನಿಮಗೆ ಗೊತ್ತೇ ಇದೆ. ಅಲ್ಲೂ ತಾಯಂದಿರ ಕಣ್ಣು, ಮೂಗು, ನಾಲಗೆಯ ಪರೀಕ್ಷೆಗೆ ಸಿಗದ ವಸ್ತುವೇ ಅಪರಾಧಿ.

ನೀವು ಮಾಡಬಹುದಾದದ್ದೇನು? ಹೊಸ ಕೊಳವೆ ಬಾವಿ ಕೊರೆಸಿದಾಗ ನೀರು ಬಿತ್ತೆಂದು ಸಿಹಿ ಹಂಚುವ ಮೊದಲು ಒಂದು ಬಾಟಲಿ ನೀರನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ. ಆರ್ಸೆನಿಕ್, ಫ್ಲೋರೈಡ್ ಹೆಸರು ಹೇಳಿಯೇ ಪರೀಕ್ಷೆ ಕೇಳಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ಪಂಚಾಯತಿನಲ್ಲಿ ವಿಚಾರಿಸಿ. ಅವರಲ್ಲಿ ನೀವೂ ಒಬ್ಬರಾಗಬಾರದೇಕೆ? ಗ್ರಾಮಸಭೆಯಲ್ಲಿ ಹೊಸ ನಳ್ಳಿ ಅಥವಾ ಬಾವಿಯ ಜಾಗದ ಮಾತು ಬಂದಾಗ, ಅಲ್ಲಿಗೆ ದಿನವೂ ನಡೆಯುವವರು ನಾವು, ನಮ್ಮನ್ನೂ ಕೇಳಿ ಎಂದು ಎದ್ದುನಿಂತು ಹೇಳಿ. ಹಾಗೆಯೇ ನಿಮ್ಮ ಅಂಗಳದ ಬಾವಿ ಒಳ್ಳೆಯದಾಗಿದ್ದರೆ, ಕೊಡ ಹಿಡಿದು ಬಂದ ನೆರೆಮನೆಯವಳ ಮುಂದೆ ಮುಖ ಗಂಟಿಕ್ಕಬೇಡಿ.

ಇನ್ನು ನಿಮ್ಮ ಮಗಳು ಹತ್ತನೇ ತರಗತಿ ಮುಗಿಸಿ ಮುಂದೇನು ಎಂದು ಕೇಳಿದಾಗ, ಅಂಕ ಹೆಚ್ಚಿದ್ದರೆ ವಿಜ್ಞಾನ, ಇಲ್ಲವಾದರೆ ಕಲಾ ವಿಭಾಗ ಎಂದು ಎರಡು ಡಬ್ಬಿಗಳನ್ನು ಮುಂದಿಡಬೇಡಿ. ಫರ್ಹಾನಾ ಸುಲ್ತಾನಾ ಅವರು ಮಣ್ಣಿನ ವಿದ್ಯೆಯಿಂದ ಮನುಷ್ಯರ ವಿದ್ಯೆಗೆ ನಡೆದುಬಂದವರು. ಇಂದು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ರಸಾಯನ ಓದುವ ಮಗಳಿಗೆ ಹಳ್ಳಿಯ ಹೆಂಗಸಿನ ಮಾತು ಕೇಳುವುದನ್ನು ಕಲಿಸಿ. ಸಮಾಜಶಾಸ್ತ್ರ ಓದುವ ಮಗಳಿಗೆ ನೀರಿನ ವರದಿಯ ಅಂಕಿಗಳನ್ನು ಓದಲು ಕಲಿಸಿ. ಮುಂದೊಂದು ದಿನ ಯಾವುದೋ ಊರಿನಲ್ಲಿ ಬಾವಿಗೆ ಜಾಗ ಗುರುತಿಸಲು ಅಧಿಕಾರಿಗಳು, ಇಂಜಿನಿಯರುಗಳು ಸೇರಿದಾಗ, ನೀರು ತರುವವಳನ್ನು ಕರೆದಿದ್ದೀರಾ ಎಂದು ಮೊದಲು ಕೇಳುವವಳು ನಿಮ್ಮ ಮಗಳಾಗಿರಲಿ.